ಬೆಣ್ಣೆ ಟೀ, ನೂರು ಬಾದಾಮಿ ಮತ್ತು ಲಿಪಿಡ್ ವರದಿ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲದ ಅಂಚೆಯಲ್ಲಿ ಅರ್ಧಕ್ಕರ್ಧ ಪತ್ರಗಳು ಊರಿನ ಒಂದೇ ಮಗ್ಗುಲಿನಿಂದ ಬಂದಿವೆ: ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ. ದೂರೂ ಹೆಚ್ಚುಕಡಿಮೆ ಒಂದೇ. ಪೇಲಿಯೋ ಪಥ್ಯ ಹಿಡಿದೆವು, ಪ್ಯಾಂಟು ಸಡಿಲವಾಯಿತು, ಶುಗರ್ ಇಳಿಯಿತು, ಕೊಲೆಸ್ಟರಾಲ್ ಮಾತ್ರ ದಪ್ಪಕ್ಷರದಲ್ಲಿ ಬಂದಿದೆ, ಏನು ಮಾಡೋಣ? ಒಂದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ. ಹಾಗಾಗಿ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

● ನನಗೆ 42 ವರ್ಷ. ಐದು ತಿಂಗಳಿಂದ ಪೇಲಿಯೋದಲ್ಲಿದ್ದೇನೆ. ಬೆಳಿಗ್ಗೆ ಬೆಣ್ಣೆ ಹಾಕಿದ ಟೀ, ನೂರು ಬಾದಾಮಿ. ಮಧ್ಯಾಹ್ನ ತುಪ್ಪದಲ್ಲಿ ಹುರಿದ 200 ಗ್ರಾಂ ಪನೀರ್, ಸೊಪ್ಪು. ರಾತ್ರಿ ರಸೆಲ್ ಮಾರ್ಕೆಟ್ಟಿನಿಂದ ತಂದ ಮಟನ್, ಇಲ್ಲದಿದ್ದರೆ ನಾಲ್ಕು ಮೊಟ್ಟೆ. ಅನ್ನ, ಚಪಾತಿ, ಬೇಳೆ, ಸಕ್ಕರೆ ಮುಟ್ಟುವುದಿಲ್ಲ. ತೂಕ 91ರಿಂದ 79 ಕಿಲೋಗೆ ಬಂದಿದೆ, ಎಚ್‌ಬಿಎ1ಸಿ 6.1ರಿಂದ 5.5ಕ್ಕೆ ಇಳಿದಿದೆ. ಮೊದಲು ಒಟ್ಟು ಕೊಲೆಸ್ಟರಾಲ್ 212, ಟ್ರೈಗ್ಲಿಸರೈಡ್ 235, ಎಚ್‌ಡಿಎಲ್ 34, ಎಲ್‌ಡಿಎಲ್ 131 ಇತ್ತು. ಈಗ ಒಟ್ಟು 278, ಟ್ರೈಗ್ಲಿಸರೈಡ್ 80, ಎಚ್‌ಡಿಎಲ್ 47, ಎಲ್‌ಡಿಎಲ್ 215. ಜೊತೆಗೆ ಪಥ್ಯ ಮಾಡುವ ಸ್ನೇಹಿತರು ‘ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ ನೋಡು, ಉಳಿದದ್ದನ್ನು ಮರೆತುಬಿಡು’ ಎನ್ನುತ್ತಾರೆ. ಮನೆಯಾಕೆ ‘ಇದೆಲ್ಲ ಸಾಕು, ಅನ್ನ ತಿನ್ನಿ’ ಎನ್ನುತ್ತಾಳೆ. ಯಾರ ಮಾತು ಕೇಳಲಿ?
— ಹೆಸರು ಬೇಡ, ಹಲಸೂರು

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಹಳೆಯ ವರದಿಯನ್ನೂ ಬರೆದು ಕಳಿಸಿದಿರಿ, ಅದಕ್ಕೆ ಧನ್ಯವಾದ. ಹೊಸ ವರದಿ ಒಂದನ್ನೇ ನೋಡಿದ್ದರೆ ನಾನೂ ಬೇರೆ ದಾರಿ ಹಿಡಿಯುತ್ತಿದ್ದೆ.

ನಿಮ್ಮ ಮೊದಲಿನ ವರದಿ ನಮ್ಮ ದೇಶದ ಮಾಮೂಲಿ ವರದಿ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ, ಎಲ್‌ಡಿಎಲ್ ನಡುವೆ ಎಲ್ಲೋ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2014ರಲ್ಲಿ ಪ್ರಕಟಿಸಿದ ಅಂಕಿಗಳಲ್ಲಿ ಸುಮಾರು ಶೇ 72 ಮಂದಿಗೆ ಎಚ್‌ಡಿಎಲ್ ಕಡಿಮೆಯೇ ಇತ್ತು. ಅನ್ನ, ಸಕ್ಕರೆ ಬಿಟ್ಟು ಹನ್ನೆರಡು ಕಿಲೋ ಇಳಿಸಿದ್ದಕ್ಕೆ ಟ್ರೈಗ್ಲಿಸರೈಡ್ ಮೂರನೇ ಒಂದು ಭಾಗಕ್ಕೆ ಬಂದಿದೆ, ಸಕ್ಕರೆ ಕಾಯಿಲೆಯ ಹೊಸ್ತಿಲಿನಿಂದ ನೀವು ಹಿಂದೆ ಸರಿದಿದ್ದೀರಿ. ಇದು ನಿಜವಾದ ಲಾಭ. ಇದನ್ನು ಕೈಬಿಟ್ಟು ಮತ್ತೆ ತಟ್ಟೆ ತುಂಬ ಅನ್ನಕ್ಕೆ ಹೋಗಿ ಎಂದು ನಾನು ಹೇಳಲಾರೆ.

ಆದರೆ ಸ್ನೇಹಿತರು ಮರೆತುಬಿಡಿ ಎಂದ ಭಾಗವೇ ಹೃದಯಕ್ಕೆ ಮುಖ್ಯವಾದದ್ದು. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಮೊದಲು 178 ಇದ್ದದ್ದು ಈಗ 231 ಆಗಿದೆ. ಇದನ್ನು ನಾನ್-ಎಚ್‌ಡಿಎಲ್ ಎನ್ನುತ್ತಾರೆ. ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳಬಲ್ಲ ಕೊಲೆಸ್ಟರಾಲ್ ಎಲ್ಲವೂ ಈ ಒಂದು ಅಂಕಿಯಲ್ಲಿದೆ. ನಿಮ್ಮ ಸ್ನೇಹಿತರು ಹೇಳಿದ ಅನುಪಾತ 6.9ರಿಂದ 1.7ಕ್ಕೆ ಇಳಿದದ್ದು ಚೆಂದವೇ. ಅದು ನಿಮ್ಮ ಇನ್ಸುಲಿನ್ ಈಗ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೇಳುತ್ತದೆ. ಎಲ್‌ಡಿಎಲ್ 215 ಇದ್ದರೂ ಪರವಾಗಿಲ್ಲ ಎಂದು ಅದು ಹೇಳುವುದಿಲ್ಲ.

ಏರಿದ್ದು ಯಾಕೆ? ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನಲ್ಲಿವೆ. ಅವುಗಳ ಕೆಲಸವನ್ನು ತೋರಿಸಿಕೊಟ್ಟ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳು ಮಂಕಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತ ಉಳಿಯುತ್ತದೆ. ಈಗ ನಿಮ್ಮ ತಟ್ಟೆಯ ಲೆಕ್ಕ ನೋಡೋಣ. ಟೀಗೆ 30 ಗ್ರಾಂ ಬೆಣ್ಣೆ ಹಾಕುತ್ತೀರಿ ಎಂದಿಟ್ಟುಕೊಂಡರೆ ಅದರಲ್ಲಿ ಸುಮಾರು 15 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. 200 ಗ್ರಾಂ ಪನೀರ್‌ನಲ್ಲಿ ಹತ್ತಿರ ಹತ್ತಿರ 25 ಗ್ರಾಂ. ಎರಡು ದೊಡ್ಡ ಚಮಚ ತುಪ್ಪಕ್ಕೆ 16 ಗ್ರಾಂ. ರಾತ್ರಿಯ ಮಟನ್ ಲೆಕ್ಕಕ್ಕೆ ಬರುವ ಮೊದಲೇ 55 ದಾಟಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 22 ಗ್ರಾಂ. ಎಲ್ಲರೂ ಬೆರಳು ತೋರಿಸುವ ನೂರು ಬಾದಾಮಿಯಲ್ಲಿ ಇರುವುದು ನಾಲ್ಕೈದು ಗ್ರಾಂ ಅಷ್ಟೆ. ಬಾದಾಮಿ ನಿರಪರಾಧಿ.

ತೂಕ ಇಳಿಯುತ್ತಿರುವಾಗಲೂ ಎಲ್‌ಡಿಎಲ್ ಸ್ವಲ್ಪ ಕಾಲ ಏರಬಹುದು, ಏಕೆಂದರೆ ಕರಗುವ ಕೊಬ್ಬಿನ ಜೊತೆ ಅದರಲ್ಲಿದ್ದ ಕೊಲೆಸ್ಟರಾಲ್ ಕೂಡ ಹೊರಬರುತ್ತದೆ. ಆದ್ದರಿಂದ ತೂಕ ಒಂದು ಕಡೆ ನಿಂತ ಮೇಲೆ ಮಾಡಿಸುವ ಪರೀಕ್ಷೆಗೆ ಬೆಲೆ ಹೆಚ್ಚು. ಆದರೆ 131ರಿಂದ 215ಕ್ಕೆ ಹಾರಿದ್ದನ್ನು ಪೂರ್ತಿ ಅದರ ತಲೆಗೆ ಕಟ್ಟಲಾಗದು.

ಎಲ್‌ಡಿಎಲ್ 190 ದಾಟಿದಾಗ ವೈದ್ಯರು ಮೊದಲು ಅನುಮಾನಿಸುವುದು ವಂಶಪಾರಂಪರ್ಯದ ಕೊಲೆಸ್ಟರಾಲ್ ಕಾಯಿಲೆಯನ್ನು. ನಿಮಗೆ ಅನ್ನ ತಿನ್ನುವಾಗ 131 ಇತ್ತು, ಹಾಗಾಗಿ ಅದರ ಸಾಧ್ಯತೆ ಕಡಿಮೆ. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದೆ, ಒಮ್ಮೆ ಟಿಎಸ್‌ಎಚ್ ನೋಡಿಸಿ. ಜೊತೆಗೆ ಅಪೊ-ಬಿ ಮಾಡಿಸಿದರೆ ಒಳ್ಳೆಯದು. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಜಾಮ್ ಆಗುವುದು ರಸ್ತೆಯಲ್ಲಿ ಎಷ್ಟು ವಾಹನ ಇವೆ ಎಂಬುದರಿಂದ, ಅವುಗಳೊಳಗೆ ಎಷ್ಟು ಜನ ಕೂತಿದ್ದಾರೆ ಎಂಬುದರಿಂದಲ್ಲ. ಎಲ್‌ಡಿಎಲ್ ಅಂಕಿ ಕೂತವರನ್ನು ಎಣಿಸುತ್ತದೆ, ಅಪೊ-ಬಿ ವಾಹನಗಳನ್ನು ಎಣಿಸುತ್ತದೆ. ಒಂದು ಕಣಕ್ಕೆ ಒಂದೇ ಅಪೊ-ಬಿ. ಐವತ್ತೆರಡು ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ (2004) ಹೃದಯಾಘಾತದೊಂದಿಗೆ ಬಲವಾದ ನಂಟು ಕಂಡ ಅಂಶಗಳಲ್ಲಿ ಅಪೊ-ಬಿ ಮತ್ತು ಅಪೊ-ಎ1ರ ಅನುಪಾತ ಮುಂಚೂಣಿಯಲ್ಲಿತ್ತು. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ಓದಿದ್ದು ನಮ್ಮ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲೇ, ಉಳಿದವರಿಗಿಂತ ಐದಾರು ವರ್ಷ ಮೊದಲು ಬರುತ್ತದೆ ಎಂದು ತೋರಿಸಿದ್ದೂ ಆ ಅಧ್ಯಯನವೇ. ನಿಮಗೆ 42. ‘ನೋಡೋಣ ಬಿಡಿ’ ಎನ್ನುವ ವಯಸ್ಸಲ್ಲ.

ಮಾಡಬೇಕಾದದ್ದು ಇಷ್ಟು: ಅನ್ನ, ಸಕ್ಕರೆ ಕಡಿಮೆಯೇ ಇರಲಿ. ಟೀಗೆ ಬೆಣ್ಣೆ ಹಾಕುವುದನ್ನು ಇಂದೇ ನಿಲ್ಲಿಸಿ. ಪನೀರ್ ಅರ್ಧಕ್ಕಿಂತ ಕಡಿಮೆ ಆಗಲಿ, ತುಪ್ಪ ಒಂದು ಸಣ್ಣ ಚಮಚಕ್ಕೆ ಇಳಿಯಲಿ. ಆ ಜಾಗಕ್ಕೆ ಬಂಗುಡೆ, ಬೂತಾಯಿ, ಚರ್ಮ ತೆಗೆದ ಕೋಳಿ, ಬಾದಾಮಿ ಬರಲಿ. ಪೇಲಿಯೋದವರು ಬೈದರೂ ಸರಿ, ದಿನಕ್ಕೊಂದು ಬಟ್ಟಲು ಹೆಸರುಕಾಳೋ ಹುರುಳಿಯೋ ತಿನ್ನಿ. ಆರರಿಂದ ಎಂಟು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸಿ. ಆಗಲೂ 190ರ ಮೇಲೇ ಇದ್ದರೆ ಮಾತ್ರೆಯ ಬಗ್ಗೆ ವೈದ್ಯರ ಎದುರು ಕೂತು ಮಾತಾಡಲೇಬೇಕು.

● ಪೇಲಿಯೋ ಶುರು ಮಾಡಿ ಎರಡು ತಿಂಗಳು. ಮೊನ್ನೆ ಮಾಡಿಸಿದ ಪರೀಕ್ಷೆಯಲ್ಲಿ ಎಲ್‌ಡಿಎಲ್ 138ರಿಂದ 71ಕ್ಕೆ ಇಳಿದಿದೆ! ನಡುವೆ ಡೆಂಗ್ಯೂ ಬಂದು ಒಂದು ವಾರ ಮಲಗಿದ್ದೆ, ಅದು ಬಿಟ್ಟರೆ ಎಲ್ಲ ಪಥ್ಯ ಸರಿಯಾಗಿ ಮಾಡಿದ್ದೇನೆ.
— ಕೆ.ಆರ್. ಪುರದ ಓದುಗರು

ಇಳಿಸಿದ್ದು ಬಹುಶಃ ಡೆಂಗ್ಯೂ. ತೀವ್ರ ಜ್ವರ, ಸೋಂಕು, ಶಸ್ತ್ರಚಿಕಿತ್ಸೆ ಯಾವುದೇ ಆಗಲಿ, ದೇಹ ಸುಧಾರಿಸಿಕೊಳ್ಳುವ ವಾರಗಳಲ್ಲಿ ಕೊಲೆಸ್ಟರಾಲ್ ತಾನಾಗಿ ಕುಸಿಯುತ್ತದೆ. ಡೆಂಗ್ಯೂನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಜ್ವರ ಬಿಟ್ಟು ಕನಿಷ್ಠ ಒಂದೂವರೆ ಎರಡು ತಿಂಗಳಾದ ಮೇಲೆ ಮತ್ತೆ ಮಾಡಿಸಿ. ಆಗಲೂ 71 ಬಂದರೆ ಖುಷಿಯಿಂದ ಪತ್ರ ಬರೆಯಿರಿ.

● ವಯಸ್ಸು 34, ತೂಕ 52 ಕಿಲೋ, ಜಿಮ್ ಮತ್ತು ಓಟ ಎರಡೂ ಇದೆ. ನಟ ಅಪ್ಪು (ಪುನೀತ್ ರಾಜ್‌ಕುಮಾರ್) ತೀರಿಕೊಂಡ ಮೇಲೆ ಆಫೀಸಿನಲ್ಲಿ ಎಲ್ಲರೂ ಹೃದಯದ ಚೆಕಪ್ ಮಾಡಿಸಿದಾಗ ನನ್ನ ಎಲ್‌ಡಿಎಲ್ 104 ಇತ್ತು. ಕಳೆದ ವರ್ಷದಿಂದ ಪೇಲಿಯೋ, ಹಿಟ್ಟು-ಪಿಷ್ಟ ಹತ್ತಿರ ಹತ್ತಿರ ಸೊನ್ನೆ. ಈಗ ಒಟ್ಟು 290, ಎಚ್‌ಡಿಎಲ್ 82, ಟ್ರೈಗ್ಲಿಸರೈಡ್ 55, ಎಲ್‌ಡಿಎಲ್ 197. ಟ್ರೈಗ್ಲಿಸರೈಡ್ ಕಡಿಮೆ ಇದ್ದರೆ ಲ್ಯಾಬಿನ ಸೂತ್ರ ತಪ್ಪು ತೋರಿಸುತ್ತದಂತೆ. ಇರಾನಿಯನ್ ಸೂತ್ರ ಹಾಕಿದರೆ 160 ಬರುತ್ತದೆ. ತೆಳ್ಳಗಿರುವವರಿಗೆ ಹೀಗೆ ಏರುವುದು ಸಹಜ, ತೊಂದರೆ ಇಲ್ಲ ಎಂದು ನನ್ನ ಟ್ರೇನರ್ ಹೇಳುತ್ತಾರೆ.
— ಎಸ್., ಇಂದಿರಾನಗರ

ಲೆಕ್ಕ ಸರಿಯಾಗಿಯೇ ಹಾಕಿದ್ದೀರಿ. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆದು ಉಳಿದದ್ದನ್ನು ಎಲ್‌ಡಿಎಲ್ ಎಂದು ಅಚ್ಚು ಹಾಕುತ್ತವೆ. ಇದು 1972ರ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಅದು ಕೆಲಸಕ್ಕೆ ಬಾರದು. ತೀರಾ ಕಡಿಮೆ ಇದ್ದಾಗಲೂ ಅಷ್ಟಿಷ್ಟು ಎಡವುತ್ತದೆ ಎಂದು 2008ರಲ್ಲಿ ಇರಾನಿನ ಸಂಶೋಧಕರು ಬೇರೆ ಸೂತ್ರ ಕೊಟ್ಟರು. ಅದಕ್ಕಿಂತ ಹೆಚ್ಚು ಜನರ ರಕ್ತ ನೋಡಿ ಮಾಡಿದ ಮಾರ್ಟಿನ್-ಹಾಪ್‌ಕಿನ್ಸ್ ಲೆಕ್ಕ 2013ರಲ್ಲಿ ಬಂತು, 2020ರಲ್ಲಿ ಇನ್ನೊಂದು. ಗೊಂದಲ ಬೇಡ ಎಂದರೆ ‘ಡೈರೆಕ್ಟ್ ಎಲ್‌ಡಿಎಲ್’ ಎಂದು ಕೇಳಿ, ನೇರವಾಗಿ ಅಳೆದು ಕೊಡುತ್ತಾರೆ.

ಆದರೆ ಯಾವ ಸೂತ್ರ ಹಾಕಿದರೂ ಬದಲಾಗದ ಅಂಕಿಯೊಂದಿದೆ. 290ರಲ್ಲಿ 82 ಕಳೆದರೆ 208. ನಿಮ್ಮ ನಾನ್-ಎಚ್‌ಡಿಎಲ್ ಅದು. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಅಪಾಯ ಕಡಿಮೆ ಇರುವವರಿಗೂ ಇದು 130ರೊಳಗೆ, ಎಲ್‌ಡಿಎಲ್ 100ರೊಳಗೆ ಇರಬೇಕು ಎನ್ನುತ್ತದೆ. ಸೂತ್ರ ಬದಲಿಸಿ 160 ಮಾಡಿಕೊಂಡರೂ ನೀವು ಆ ಗೆರೆಯ ಹೊರಗೇ ಇದ್ದೀರಿ.

ನಿಮ್ಮ ಟ್ರೇನರ್ ಹೇಳಿದ್ದಕ್ಕೆ ಆಧಾರ ಇದೆ. ಪಿಷ್ಟ ಬಿಟ್ಟ ತೆಳ್ಳನೆಯ, ಚುರುಕಾದ ಕೆಲವರಲ್ಲಿ ಎಲ್‌ಡಿಎಲ್ 200, ಎಚ್‌ಡಿಎಲ್ 80 ದಾಟಿ ಟ್ರೈಗ್ಲಿಸರೈಡ್ 70ಕ್ಕಿಂತ ಕೆಳಗಿರುತ್ತದೆ. ಸಂಶೋಧಕರು ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ. ಹೆಸರಿಟ್ಟ ಮಾತ್ರಕ್ಕೆ ಅದು ನಿರಪಾಯವಾಗುವುದಿಲ್ಲ. ಎಚ್‌ಡಿಎಲ್ 82 ಇದೆ, ಅದು ಕಾಯುತ್ತದೆ ಎಂದು ಸಮಾಧಾನ ಪಡುವುದೂ ಹಳೆಯ ಪಾಠ. ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿರುವಂತೆ ಮಾಡುವ ಜೀನ್ ಉಳ್ಳವರಿಗೆ ಹೃದಯಾಘಾತವೇನೂ ಕಡಿಮೆ ಬರಲಿಲ್ಲ ಎಂದು 2012ರ ದೊಡ್ಡ ಅಧ್ಯಯನವೊಂದು ತೋರಿಸಿತು.

ಒಂದು ತಮಾಷೆಯ ಪ್ರಯೋಗ ಹೇಳುತ್ತೇನೆ. ಇಂಥದೇ ವರದಿ ಇದ್ದ ಹಾರ್ವರ್ಡ್‌ನ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 2024ರಲ್ಲಿ ಪ್ರಕಟಿಸಿದ. ದಿನಕ್ಕೆ ಹನ್ನೆರಡು ಓರಿಯೋ ಬಿಸ್ಕತ್ತು, ಅಂದರೆ ಸುಮಾರು 100 ಗ್ರಾಂ ಪಿಷ್ಟ-ಸಕ್ಕರೆ, ಹದಿನಾರು ದಿನ. ಎಲ್‌ಡಿಎಲ್ 384ರಿಂದ 111ಕ್ಕೆ ಬಿತ್ತು. ಒಬ್ಬನ ಮೇಲಿನ ಪ್ರಯೋಗ, ಎಲ್ಲರಿಗೂ ಅನ್ವಯಿಸುವುದಿಲ್ಲ. ಬಿಸ್ಕತ್ತು ತಿನ್ನಿ ಎಂದೂ ನಾನು ಹೇಳುತ್ತಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂನಷ್ಟು ಪಿಷ್ಟವಿದೆ, ನಾರೂ ಇದೆ. ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು, ಬೆಳಿಗ್ಗೆ ಒಂದು ಹಣ್ಣು ಸೇರಿಸಿ ಎರಡು ತಿಂಗಳು ನೋಡಿ. ನಿಮ್ಮಂಥ ದೇಹಪ್ರಕೃತಿಯವರಲ್ಲಿ ಇಷ್ಟಕ್ಕೇ ಗಣನೀಯವಾಗಿ ಇಳಿಯುವ ಸಾಧ್ಯತೆ ಇದೆ, ತೂಕ ಏರುವ ಭಯವೂ ಇಲ್ಲ. ಜೀವನದಲ್ಲಿ ಒಮ್ಮೆ ಎಲ್‌ಪಿ(ಎ) ಎಂಬ ಪರೀಕ್ಷೆಯನ್ನೂ ಮಾಡಿಸಿಡಿ. ಅದು ಹುಟ್ಟಿನಿಂದ ಬಂದದ್ದು, ಪಥ್ಯಕ್ಕೆ ಜಗ್ಗುವುದಿಲ್ಲ. 50 ಮಿಲಿಗ್ರಾಂ ಮೀರಿದ್ದರೆ ಉಳಿದ ಅಂಕಿಗಳ ಬಗ್ಗೆ ಇನ್ನಷ್ಟು ಬಿಗಿಯಾಗಿರಬೇಕಾಗುತ್ತದೆ.

● ಮೆಲ್ಬರ್ನ್‌ನಲ್ಲಿರುವ ಮಗಳೂ ಪೇಲಿಯೋ ಮಾಡುತ್ತಿದ್ದಾಳೆ. ಕೊಲೆಸ್ಟರಾಲ್ 5.8 ಅಂತೆ, ನನ್ನದು 196. ಅವಳದ್ದು ಇಷ್ಟು ಕಡಿಮೆ ಇರುವುದು ಅಪಾಯವೇ? ಇನ್ನೊಂದು ಪ್ರಶ್ನೆ, ಪರೀಕ್ಷೆಗೆ ಹೋಗುವ ಮುಂಚೆ ಬೆಣ್ಣೆ ಟೀ ಕುಡಿಯಬಹುದೇ? ಅದು ಊಟವಲ್ಲವಲ್ಲ.
— ಹೂಡಿಯಿಂದ ಒಬ್ಬ ತಾಯಿ

ಅವಳದ್ದೇ ಹೆಚ್ಚು! ಅಲ್ಲಿ ಮಿಲಿಮೋಲ್ ಲೆಕ್ಕ, ಇಲ್ಲಿ ಮಿಲಿಗ್ರಾಂ ಲೆಕ್ಕ. ಕೊಲೆಸ್ಟರಾಲ್ ಆದರೆ 38.67ರಿಂದ ಗುಣಿಸಿ: 5.8 ಎಂದರೆ 224. ಟ್ರೈಗ್ಲಿಸರೈಡ್‌ಗೆ ಮಾತ್ರ 88.57ರಿಂದ ಗುಣಿಸಬೇಕು.

ಬೆಣ್ಣೆ ಟೀ ಖಂಡಿತ ಊಟವೇ, ಅದೂ ಬರೀ ಕೊಬ್ಬಿನ ಊಟ. ಕುಡಿದು ಹೋದರೆ ಟ್ರೈಗ್ಲಿಸರೈಡ್ ಏರಿ, ಅದರಿಂದ ಲೆಕ್ಕ ಹಾಕುವ ಎಲ್‌ಡಿಎಲ್ ಕೂಡ ಕೆಡುತ್ತದೆ. ಮೊದಲ ಸಲದ ಪರೀಕ್ಷೆಗೆ ಉಪವಾಸ ಬೇಕಿಲ್ಲ ಎಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ, ನಿಜ. ಆದರೆ ಹಳೆಯ ವರದಿಯೊಂದಿಗೆ ಹೋಲಿಸಬೇಕಾದವರು ರಾತ್ರಿ ಊಟವಾದ ಮೇಲೆ ಹತ್ತು ಹನ್ನೆರಡು ಗಂಟೆ ಬಿಟ್ಟು, ನೀರು ಮಾತ್ರ ಕುಡಿದು ಹೋಗುವುದೇ ಸರಿ. ಎರಡು ವರದಿಗಳ ನಡುವೆ ಟ್ರೈಗ್ಲಿಸರೈಡ್ ಐದನೇ ಒಂದು ಭಾಗದಷ್ಟು ಹೆಚ್ಚುಕಡಿಮೆ ಬಂದರೆ ತಲೆಕೆಡಿಸಿಕೊಳ್ಳಬೇಡಿ, ಅದು ದಿನದಿಂದ ದಿನಕ್ಕೇ ಅಷ್ಟು ಓಲಾಡುತ್ತದೆ.

● ನಾವು ಸಸ್ಯಾಹಾರಿಗಳು. ಪನೀರ್, ತುಪ್ಪ, ತೆಂಗಿನಕಾಯಿ, ಗಟ್ಟಿ ಮೊಸರಿನ ಮೇಲೆ ಪೇಲಿಯೋ ಮಾಡುತ್ತಿದ್ದೇವೆ. ರಾಗಿ, ಬೇಳೆ ಬಿಟ್ಟಿದ್ದೇವೆ. ಆದಿಮಾನವರು ಹೀಗೇ ತಿಂದು ಹೃದ್ರೋಗ ಇಲ್ಲದೆ ಬದುಕಿದ್ದರು ಎನ್ನುತ್ತಾರಲ್ಲ, ನಮ್ಮಿಬ್ಬರಿಗೂ ಎಲ್‌ಡಿಎಲ್ ಏಕೆ ಏರಿದೆ?
— ದಂಪತಿ, ಕೆ.ಆರ್. ಪುರ

ಆದಿಮಾನವ ಎಮ್ಮೆ ಸಾಕಿರಲಿಲ್ಲ. ಪನೀರ್, ತುಪ್ಪ ಅವನು ಕಂಡವನೇ ಅಲ್ಲ. ಈ ವಾದವನ್ನು 1985ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಮಂಡಿಸಿದ ಈಟನ್ ಮತ್ತು ಕಾನರ್ ಹೇಳಿದ್ದು ಕೊಬ್ಬು ಕಡಿಮೆಯಿರುವ ಕಾಡುಮಾಂಸ, ರಾಶಿ ನಾರು, ಗೆಡ್ಡೆಗೆಣಸುಗಳ ಬಗ್ಗೆ. 2002ರಲ್ಲಿ ‘ಪೇಲಿಯೋ ಡಯಟ್’ ಪುಸ್ತಕ ಬರೆದ ಲೋರೆನ್ ಕಾರ್ಡೇನ್ ಹಾಲಿನ ಪದಾರ್ಥಗಳನ್ನು ಪೂರ್ತಿ ನಿಷೇಧಿಸಿದ್ದರು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಬೆಣ್ಣೆ-ಪನೀರ್ ಪಥ್ಯವಾಗಿದೆ. ಸರಿಯಾಗಿ ಹೆಸರಿಡುವುದಾದರೆ ಅದು ಕೀಟೊ. ಸಸ್ಯಾಹಾರಿಗಳ ತಟ್ಟೆಯಿಂದ ಬೇಳೆಕಾಳನ್ನೂ ತೆಗೆದರೆ ಹಾಲಿನ ಕೊಬ್ಬು ಮತ್ತು ತೆಂಗಿನ ಕೊಬ್ಬು ಬಿಟ್ಟು ಹೆಚ್ಚೇನೂ ಉಳಿಯುವುದಿಲ್ಲ. ಕೊಬ್ಬರಿ ಎಣ್ಣೆಯ ಶೇ 90ರಷ್ಟು ಸ್ಯಾಚುರೇಟೆಡ್. ಎಲ್‌ಡಿಎಲ್ ಏರದಿದ್ದರೇ ಆಶ್ಚರ್ಯ.

ಇನ್ನು, ಹೃದಯದ ರಕ್ತನಾಳಗಳು ಜಗತ್ತಿನಲ್ಲೇ ಅತಿ ಶುಭ್ರವಾಗಿವೆ ಎಂದು 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾದವರು ಬೊಲಿವಿಯಾದ ಕಾಡಿನ ಸಿಮಾನೆ ಜನ. ಬೇಟೆಯಾಡುತ್ತಾರೆ, ಮೀನು ಹಿಡಿಯುತ್ತಾರೆ. ಆದರೆ ಅವರ ಆಹಾರದ ಶೇ 72ರಷ್ಟು ಶಕ್ತಿ ಬರುವುದು ಪಿಷ್ಟದಿಂದ: ಅಕ್ಕಿ, ಬಾಳೆ, ಮರಗೆಣಸು. ಸರಾಸರಿ ಎಲ್‌ಡಿಎಲ್ 91. ದಿನವಿಡೀ ನಡೆಯುತ್ತಾರೆ ಎಂಬುದನ್ನೂ ಸೇರಿಸಿಕೊಳ್ಳಿ. ನೀವು ರಾಗಿ, ಹುರುಳಿ, ಅವರೆ, ಸೊಪ್ಪನ್ನು ಮನೆಗೆ ವಾಪಸು ಕರೆಯಿರಿ. ಸಕ್ಕರೆ, ಮೈದಾ, ಪಾಲಿಶ್ ಅಕ್ಕಿ ದೂರವೇ ಇರಲಿ. ಪೇಲಿಯೋದಿಂದ ಕಲಿಯಬೇಕಾದದ್ದು ಅಷ್ಟೇ.

● ಅಪ್ಪನಿಗೆ 58. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ನಾನು ಪೇಲಿಯೋ ಮಾಡಿ ತೂಕ ಇಳಿಸಿದ್ದು ನೋಡಿ ಅವರೂ ಶುರು ಮಾಡಿದರು. ‘ಈಗ ಆಹಾರವೇ ಔಷಧ’ ಎಂದು ಕೊಲೆಸ್ಟರಾಲ್ ಮಾತ್ರೆ ಬಿಟ್ಟು ಎರಡೂವರೆ ತಿಂಗಳಾಯಿತು. ವಾರಕ್ಕೆರಡು ಸಲ ಭೇಜಾ (ಮಿದುಳು), ಪಾಯಾ (ಕಾಲಿನ ಸಾರು) ಕೂಡ ತಿನ್ನುತ್ತಾರೆ. ಎಲ್‌ಡಿಎಲ್ 64 ಇದ್ದದ್ದು 142 ಆಗಿದೆ. ಆದರೆ ಅವರಿಗೆ ಆರಾಮಾಗಿದೆ, ಎದೆನೋವು ಇಲ್ಲ. ಇನ್ನೊಂದು ಆರು ತಿಂಗಳು ಕಾದು ನೋಡಬಹುದೇ?
— ಶಿವಾಜಿನಗರ

ಬೇಡ. ಆರು ದಿನವೂ ಬೇಡ.

ಮೇಲಿನ ಕೆಲವರಿಗೆ ಕೊಟ್ಟ ‘ಎರಡು ತಿಂಗಳು ನೋಡೋಣ’ ಎಂಬ ಅವಕಾಶ ನಿಮ್ಮ ತಂದೆಗಿಲ್ಲ. ಸ್ಟೆಂಟ್ ಹಾಕಿಸಿಕೊಂಡವರನ್ನು ಅತಿ ಹೆಚ್ಚು ಅಪಾಯದ ಗುಂಪಿಗೆ ಸೇರಿಸುತ್ತಾರೆ. ಮೇಲೆ ಹೇಳಿದ 2024ರ ಮಾರ್ಗಸೂಚಿಯ ಪ್ರಕಾರ ಅವರ ಎಲ್‌ಡಿಎಲ್ 55ಕ್ಕಿಂತ, ನಾನ್-ಎಚ್‌ಡಿಎಲ್ 85ಕ್ಕಿಂತ ಕೆಳಗಿರಬೇಕು. ಮಾತ್ರೆ ನುಂಗುವಾಗಲೇ 64 ಇತ್ತು, ಅಂದರೆ ಆಗಲೇ ಇನ್ನಷ್ಟು ಇಳಿಸಬೇಕಿತ್ತು. ಲ್ಯಾಬ್ ವರದಿಯ ಪಕ್ಕದಲ್ಲಿ ಅಚ್ಚಾಗಿರುವ ‘ಸಾಮಾನ್ಯ ಮಿತಿ’ ಅವರಿಗೆ ಅನ್ವಯಿಸುವುದಿಲ್ಲ. ಎದೆನೋವು ಇಲ್ಲ ಎಂಬುದೂ ಭರವಸೆಯಲ್ಲ. ಕೊಲೆಸ್ಟರಾಲ್ ಏರಿದ್ದು ಯಾರಿಗೂ ನೋಯುವುದಿಲ್ಲ. ಸ್ಟ್ಯಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ಅಂಕಿ ಇಳಿಸುವುದರ ಜೊತೆಗೆ ರಕ್ತನಾಳದ ಒಳಗಿನ ಕೊಬ್ಬಿನ ಗಡ್ಡೆ ಒಡೆಯದಂತೆ ಗಟ್ಟಿಮಾಡುತ್ತದೆ, ಆ ಕೆಲಸವನ್ನು ಯಾವ ಪಥ್ಯವೂ ಮಾಡಿಕೊಡುವುದಿಲ್ಲ.

ಮೊಟ್ಟೆಯೊಂದರಲ್ಲಿ 200 ಮಿಲಿಗ್ರಾಂನಷ್ಟು ಕೊಲೆಸ್ಟರಾಲ್ ಇದ್ದರೆ ನೂರು ಗ್ರಾಂ ಭೇಜಾದಲ್ಲಿ ಸಾವಿರ ದಾಟುತ್ತದೆ. ಆಹಾರದ ಕೊಲೆಸ್ಟರಾಲ್‌ಗಿಂತ ಸ್ಯಾಚುರೇಟೆಡ್ ಕೊಬ್ಬೇ ಮುಖ್ಯ ಎಂಬುದು ಹೆಚ್ಚಿನವರ ವಿಷಯದಲ್ಲಿ ನಿಜ, ಆದರೆ ಸ್ಟೆಂಟ್ ಇರುವವರು ವಾರಕ್ಕೆರಡು ಸಲ ಅದನ್ನು ಪರೀಕ್ಷಿಸಿ ನೋಡುವುದು ಬೇಡ. ತೆಳು ಮಾಂಸ, ಮೀನು ತಿನ್ನಲಿ.

ನಾಳೆ ಬೆಳಿಗ್ಗೆಯೇ ಸ್ಟೆಂಟ್ ಹಾಕಿದ ವೈದ್ಯರನ್ನು ಕಾಣಿಸಿ. ಅಷ್ಟು ದೂರ ಹೋಗಲಾಗದಿದ್ದರೆ ಬೌರಿಂಗ್ ಆಸ್ಪತ್ರೆ ನಿಮ್ಮ ಶಿವಾಜಿನಗರದಲ್ಲೇ ಇದೆಯಲ್ಲ, ಹಳೆಯ ಡಿಸ್ಚಾರ್ಜ್ ಚೀಟಿ ಹಿಡಿದು ಅಲ್ಲಿನ ಮೆಡಿಸಿನ್ ಹೊರರೋಗಿ ವಿಭಾಗಕ್ಕೆ ಹೋಗಿ. ಕೊಲೆಸ್ಟರಾಲ್ ಮಾತ್ರೆಯ ಜೊತೆ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಬಿಟ್ಟಿದ್ದಾರೆಯೇ ಎಂದು ಇವತ್ತೇ ಕೇಳಿ. ಬಿಟ್ಟಿದ್ದರೆ ಅದು ಇನ್ನೂ ತುರ್ತು. ಖರ್ಚಿನ ಚಿಂತೆಯಿಂದ ಬಿಟ್ಟದ್ದಾದರೆ ಅಟೊರ್‌ವಾಸ್ಟಾಟಿನ್ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮಾತ್ರೆಯಿಂದ ಮೈಕೈ ನೋವು ಬರುತ್ತಿತ್ತು ಎಂದಾದರೆ ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸಲು, ಬೇರೆ ಮಾತ್ರೆ ಕೊಡಲು ದಾರಿಗಳಿವೆ.

ಪತ್ರ ಬರೆಯುವವರಲ್ಲಿ ಒಂದು ವಿನಂತಿ: ಹೊಸ ವರದಿಯ ಜೊತೆ ಹಳೆಯದನ್ನೂ, ನುಂಗುತ್ತಿರುವ ಮತ್ತು ಬಿಟ್ಟಿರುವ ಮಾತ್ರೆಗಳ ಪಟ್ಟಿಯನ್ನೂ, ಮನೆಯಲ್ಲಿ ಯಾರಿಗಾದರೂ ಐವತ್ತೈದರೊಳಗೆ ಹೃದಯಾಘಾತ ಆಗಿತ್ತೇ ಎಂಬುದನ್ನೂ ಬರೆಯಿರಿ.